ಕಣ್ಣೀರಿನ ಅನಂತರದ ವಂದನೆ

ಗದುಗಿನ ಸಮೀಪದ ಲಕ್ಕುಂಡಿಯಲ್ಲಿ ಬ್ರಹ್ಮ ಜಿನಾಲಯವೆಂಬ ಬಸದಿಯಿದೆ. ಅದನ್ನು ಕಟ್ಟಿಸಿದವಳು ಅತ್ತಿಮಬ್ಬೆ. ಶಾಸನದ ಕಾಲ ಕ್ರಿ.ಶ. 1007. ಶಾಲೆಯ ಪಾಠಗಳಲ್ಲಿ ನಾವು ಆಕೆಯನ್ನು ‘ದಾನಚಿಂತಾಮಣಿ’ ಎಂದು ಅರಿತೆವು. ಆ ಬಿರುದಿನ ಹಿಂದೆ ನೊಂದ ಹೆಣ್ಣೊಬ್ಬಳು ಇದ್ದಳೆಂಬುದನ್ನು ಮಾತ್ರ ಮರೆತೆವು.

ಅತ್ತಿಮಬ್ಬೆ ಮತ್ತು ಆಕೆಯ ತಂಗಿ ಗುಂಡಮಬ್ಬೆ ಇಬ್ಬರೂ ಚಾಲುಕ್ಯರ ವೀರ ನಾಗದೇವನ ಮಡದಿಯರು. ನಾಗದೇವ ಮಡಿದಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಮಗ ಅಣ್ಣಿಗದೇವನಿಗಾಗಿ ಉಳಿದಳು. ಗಂಡನ ಬೆನ್ನಿಗೇ ಒಡಹುಟ್ಟಿದವಳನ್ನೂ ಕಳೆದುಕೊಂಡ ಈ ಸ್ಥಿತಿಯನ್ನು ಇಂದಿನ ವೈದ್ಯರು ಮಾನಸಿಕ ಆಘಾತವೆನ್ನುತ್ತಾರೆ.

993ರಲ್ಲಿ ರನ್ನನು ಆಕೆಯ ಆಶ್ರಯದಲ್ಲಿ ‘ಅಜಿತಪುರಾಣ’ವನ್ನು ರಚಿಸಿದನು. ಆಕೆಯ ಶೀಲವನ್ನು ಬಿಳಿಯ ಅರಳೆಗೂ ಗಂಗಾಜಲಕ್ಕೂ ಹೋಲಿಸಿದನು. ತನ್ನ ಮಗಳಿಗೆ ಆಕೆಯ ಹೆಸರನ್ನೇ ಇಟ್ಟನು. ಕವಿಯ ಕೃತಜ್ಞತೆ ದೊಡ್ಡದು. ಆದರೂ ಆ ಹೋಲಿಕೆಗಳ ಬೆಳ್ಪಿನಲ್ಲಿ ಗಾಯದ ಕಲೆ ಕಾಣುವುದಿಲ್ಲ. ಹೊಗಳಿಕೆಯನ್ನಷ್ಟೇ ಓದಿದರೆ, ಆಕೆಗೆ ದುಃಖವೇ ತಟ್ಟಲಿಲ್ಲವೇನೋ ಎಂದು ತೋರೀತು.

ಆಕೆಯ ಕಾರ್ಯಗಳು ಬೇರೆಯದನ್ನೇ ಹೇಳುತ್ತವೆ. ಪೊನ್ನನ ‘ಶಾಂತಿಪುರಾಣ’ವನ್ನು ಬರೆಯಿಸಿದವರಲ್ಲಿ ಆಕೆಯ ತಂದೆ ಮಲ್ಲಪಯ್ಯನೂ ಒಬ್ಬ. ಅದೇ ಗ್ರಂಥದ ಸಾವಿರ ಪ್ರತಿಗಳನ್ನು ಆಕೆ ಓಲೆಗರಿಗಳಲ್ಲಿ ಮಾಡಿಸಿ ಹಂಚಿದಳು. ಕಳೆದುಹೋದುದಕ್ಕಾಗಿ ಆಕೆ ವಂದಿಸಲಿಲ್ಲ. ಕಳೆದುಹೋಗದೆ ಉಳಿದ ತವರಿನ ಕೊಡುಗೆಯನ್ನು ಗುರುತಿಸಿ ಪರರ ಕೈಗಿತ್ತಳು. ನನ್ನ ಓದಿಗೆ ಇದೇ ಆಕೆಯ ಕೃತಜ್ಞತೆ.

ಈಗ ನಮ್ಮತ್ತ ನೋಡಿಕೊಳ್ಳೋಣ. ಮಣ್ಣು ಕೊಟ್ಟು ಮೂರು ದಿನವೂ ಕಳೆದಿರುವುದಿಲ್ಲ, ‘ಅಳಬೇಡಮ್ಮಾ, ದೇವರು ಉಳಿಸಿದ್ದಕ್ಕೆ ಸ್ತೋತ್ರ ಹೇಳು’ ಎನ್ನುತ್ತೇವೆ. ಗುರುಗಳಾದ ನಾವೂ ಈ ತಪ್ಪಿಗೆ ಹೊರತಲ್ಲ. ಇದು ಸಾಂತ್ವನವಲ್ಲ, ನೊಂದವರ ಬಾಯಿ ಮುಚ್ಚಿಸುವ ಉಪಾಯ. ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ. ಲಾಸರನನ್ನು ಕಳೆದುಕೊಂಡವರ ನಡುವೆ ಯೇಸುಸ್ವಾಮಿ ಮೊದಲು ಕಣ್ಣೀರಿಟ್ಟರು. ಪಿತನಿಗೆ ವಂದನೆ ಸಲ್ಲಿಸಿದ್ದು ಆ ಬಳಿಕ. ಈ ಅನುಕ್ರಮವನ್ನು ತಿರುವುಮುರುವು ಮಾಡಲು ನಮಗೆ ಅಧಿಕಾರವಿಲ್ಲ.

ಹಾಗೆಂದು ಕೃತಜ್ಞತೆ ನಿಷ್ಪ್ರಯೋಜಕವೆಂದಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದ ಸೈನಿಕರನ್ನು ಕುರಿತು 2006ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಯುದ್ಧದ ಆಘಾತದಿಂದ ಇನ್ನೂ ನರಳುತ್ತಿದ್ದವರಲ್ಲಿಯೂ, ಕೃತಜ್ಞತಾಭಾವ ಹೆಚ್ಚಿದ್ದವರಿಗೆ ನೆಮ್ಮದಿಯ ದಿನಗಳು ಹೆಚ್ಚಾಗಿದ್ದವೆಂದು ಅದು ಕಂಡಿತು. ಕೃತಜ್ಞತೆಯೇ ಗಾಯವನ್ನು ಮಾಯಿಸಿತೆಂದು ಇದರ ಅರ್ಥವಲ್ಲ. ಗಾಯವಿದ್ದಾಗಲೂ ಎರಡೂ ಒಂದೇ ಎದೆಯಲ್ಲಿ ಇರಬಲ್ಲವೆಂಬುದಷ್ಟೇ. ರಾತ್ರಿ ನಿದ್ದೆ ಬಾರದವರಿಗೆ, ಭಯ ಬಿಡದವರಿಗೆ ವೈದ್ಯರ ನೆರವೂ ಬೇಕು.

ಆದುದರಿಂದ, ನೊಂದವರ ಮನೆಗೆ ಹೋದಾಗ ಕೃತಜ್ಞತೆಯನ್ನು ಬೋಧಿಸದಿರಿ. ಜೊತೆಗೆ ಕುಳಿತುಕೊಳ್ಳಿರಿ, ಅಳಲು ಬಿಡಿರಿ, ಮಕ್ಕಳಿಗೆ ಊಟ ಬಡಿಸಿರಿ. ನಾಳೆ ಅವರು ವಂದನೆ ಹೇಳುವುದಾದರೆ, ಅದಕ್ಕೆ ಕಾರಣವೊಂದನ್ನು ನೀವು ಇಂದು ಒದಗಿಸಿದಂತಾಗುತ್ತದೆ. ಲಕ್ಕುಂಡಿಗೆ ಹೋದಾಗಲೂ ಆ ಬಸದಿಯ ಮುಂದೆ ಕ್ಷಣಕಾಲ ನಿಲ್ಲಿರಿ. ಅದನ್ನು ಕಟ್ಟಿಸಿದವಳು ಮೊದಲು ಅತ್ತವಳು.