ಎಡಗಡೆಯ ಕಾಲಂ: ಅಸೆಂಬ್ಲರ್ ರಸಿಕರಿಗೊಂದು ಕೈಪಿಡಿ

ಅಸೆಂಬ್ಲಿ ಕಲಿಯುತ್ತೇನೆಂದು ಹೊರಟವರು ಮೊದಲ ದಿನ ಮಾಡುವ ಕೆಲಸ ಸಾಮಾನ್ಯವಾಗಿ ಒಂದೇ. ಯಾವುದೋ ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸಿಕೊಂಡು, ಅದರಲ್ಲಿ ಕಂಡ ಕಮಾಂಡನ್ನು ಅಕ್ಷರ ಬಿಡದೆ ಟರ್ಮಿನಲ್‌ಗೆ ಇಳಿಸುತ್ತಾರೆ: ನ್ಯಾಸ್ಮ್, ಹೈಫನ್ ಎಫ್, ಎಲ್ಫ್64, ಫೈಲಿನ ಹೆಸರು, ಎಂಟರ್. ಹಿಂದೆಯೇ ಲಿಂಕರ್ ಎಲ್‌ಡಿ. ಪರದೆಯ ಮೇಲೆ ‘ಹಲೋ ವರ್ಲ್ಡ್’ ಮೂಡಿತೆಂದರೆ ಒಂದು ಸ್ಕ್ರೀನ್‌ಶಾಟ್, ರೆಸ್ಯೂಮೆಯಲ್ಲಿ ಒಂದು ಸಾಲು, ಅಲ್ಲಿಗೆ ಮುಗಿಯಿತು. ಆ ‘ಎಫ್’ ಯಾಕೆ ಬೇಕಿತ್ತು, ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆಂದು ಎದ್ದು ಹೋಗಿ, ಮಂಗಳದ ಹೊತ್ತಿಗೆ ಬಂದು ಕೂತು, ‘ಕಚೇರಿ ಚೆನ್ನಾಗಿತ್ತು’ ಎನ್ನುವ ಸಭಿಕರಿಗೂ ಇವರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ರಿಜಿಸ್ಟರ್ ಎಂದರೇನು, ಸ್ಟ್ಯಾಕ್ ಯಾವ ದಿಕ್ಕಿಗೆ ಬೆಳೆಯುತ್ತದೆ, ಹೆಕ್ಸ್ ಅಂಕಿ ಓದುವುದು ಹೇಗೆ ಎಂಬುದೆಲ್ಲ ಈ ಕೈಪಿಡಿಯಲ್ಲಿ ಇಲ್ಲ. ಅದನ್ನು ಹೇಳಿಕೊಡುವ ಪುಸ್ತಕಗಳು ಬೇಕಾದಷ್ಟಿವೆ. ಇಲ್ಲಿರುವುದು ಅಸೆಂಬ್ಲರನ್ನು ಕರೆಯುವಾಗ ಅದರ ಹೆಸರಿನ ಮುಂದೆ ಬರೆಯುವ ಆಪ್ಷನ್‌ಗಳ ವಿಚಾರ, ಅದೂ ಮುಖ್ಯವಾಗಿ ನ್ಯಾಸ್ಮ್‌ದು. 1996ರಲ್ಲಿ ಸೈಮನ್ ಟ್ಯಾಥಮ್ ಮತ್ತು ಜೂಲಿಯನ್ ಹಾಲ್ ಶುರುಮಾಡಿದ ಈ ಅಸೆಂಬ್ಲರ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಬಿಟ್ಟಿಯಾಗಿ ಸಿಗುತ್ತದೆ. ಆಫೀಸಿನಲ್ಲಿ ಕೂತು ದೂರದ ಸರ್ವರ್‌ಗೆ ಲಾಗಿನ್ ಆಗಲು ಎಲ್ಲರೂ ಬಳಸುವ ‘ಪುಟ್ಟಿ’ಯನ್ನು ಬರೆದವರೂ ಅದೇ ಟ್ಯಾಥಮ್.

ನ್ಯಾಸ್ಮ್‌ಗೆ ಆಪ್ಷನ್‌ಗಳು ಡಜನ್‌ಗಟ್ಟಲೆ ಇವೆ. ರಸಿಕನಾಗಬೇಕೆನ್ನುವವನಿಗೆ ಮೊದಲು ಬೇಕಾದದ್ದು ಒಂದೇ: -ಎಲ್, ಸಣ್ಣಕ್ಷರದ ಎಲ್, ಮುಂದೆ ಒಂದು ಫೈಲಿನ ಹೆಸರು. ಇಷ್ಟು ಸೇರಿಸಿದರೆ ಅಸೆಂಬ್ಲರ್ ಆಬ್ಜೆಕ್ಟ್ ಫೈಲಿನ ಜೊತೆಗೆ ಲಿಸ್ಟಿಂಗ್ ಫೈಲನ್ನೂ ಕೊಡುತ್ತದೆ. ಅದು ಸಾದಾ ಟೆಕ್ಸ್ಟ್ ಫೈಲ್. ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ. ಬಲಗಡೆ ನೀವು ಬರೆದ ಸಾಲು. ಅದರ ಎಡಕ್ಕೆ ಆ ಸಾಲಿನಿಂದ ಹುಟ್ಟಿದ ಬೈಟುಗಳು, ಹೆಕ್ಸ್‌ನಲ್ಲಿ. ಇನ್ನೂ ಎಡಕ್ಕೆ ಆ ಬೈಟುಗಳು ಸೆಕ್ಷನ್ನಿನಲ್ಲಿ ಎಷ್ಟನೇ ಜಾಗದಲ್ಲಿ ಕೂತಿವೆ ಎಂಬ ಆಫ್‌ಸೆಟ್, ಎಲ್ಲಕ್ಕಿಂತ ತುದಿಗೆ ಸಾಲಿನ ಸಂಖ್ಯೆ. ಹೊಸಬರ ಕಣ್ಣು ಬಲಗಡೆಗೇ ಹೋಗುತ್ತದೆ, ಯಾಕೆಂದರೆ ಅಲ್ಲಿರುವುದು ತಮ್ಮದೇ ಬರಹ. ಅಲ್ಲಿ ಹೊಸದೇನೂ ಇಲ್ಲ. ನೋಡಬೇಕಾದದ್ದು ಎಡಗಡೆ.

ನ್ಯಾಸ್ಮ್ ಕೈಪಿಡಿಯಲ್ಲೇ ಬರುವ ಒಂದು ಉದಾಹರಣೆ ಸಾಕು. 16 ಬಿಟ್ ಕೋಡಿನಲ್ಲಿ ‘ಪುಶ್ ಡಿವರ್ಡ್ 33’ ಎಂದು ಬರೆದಿರಿ ಎಂದುಕೊಳ್ಳಿ. ಡಿವರ್ಡ್ ಎಂದರೆ ನಾಲ್ಕು ಬೈಟು, ಹಾಗಾಗಿ 33 ನಾಲ್ಕು ಬೈಟುಗಳಲ್ಲಿ ಕೂತಿರಬೇಕು ಎನಿಸುತ್ತದೆ. ಲಿಸ್ಟಿಂಗ್ ಬೇರೆಯೇ ಹೇಳುತ್ತದೆ: 66 6ಎ 21. ಒಟ್ಟು ಮೂರೇ ಬೈಟು. 33 ಒಂದು ಬೈಟಿನಲ್ಲಿ ಹಿಡಿಯುತ್ತದೆ, ಪ್ರೊಸೆಸರ್ ಅದನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ ಎಂದು ಅಸೆಂಬ್ಲರ್ ನಿಮ್ಮನ್ನು ಕೇಳದೆ ತೀರ್ಮಾನಿಸಿದೆ. ಅದು ಬೇಡ ಎಂದರೆ ‘ಪುಶ್ ಸ್ಟ್ರಿಕ್ಟ್ ಡಿವರ್ಡ್ 33’ ಎಂದು ಬರೆಯಬೇಕು. ಆಗ 66 68 21 00 00 00, ಆರು ಬೈಟು. ಎರಡೂ ಸ್ಟ್ಯಾಕ್ ಮೇಲೆ ಇಡುವುದು ಒಂದೇ ಬೆಲೆಯನ್ನು. ಪ್ರೋಗ್ರಾಂ ಓಡಿತೋ ಇಲ್ಲವೋ ಎಂದಷ್ಟೇ ನೋಡುವವರಿಗೆ ಈ ವ್ಯತ್ಯಾಸ ಜನ್ಮದಲ್ಲಿ ಕಾಣುವುದಿಲ್ಲ.

ಈ ಲೇಖಕನಿಗೆ ಎಡಗಡೆಯ ಕಾಲಂ ಕಂಡದ್ದು ಎಂಜಿನಿಯರಿಂಗ್ ಕಾಲೇಜಿನ ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ. ಕರ್ನಾಟಕದಲ್ಲಿ 8086 ಲ್ಯಾಬ್ ಮಾಡಿದವರಿಗೆ ಡಾಸ್ ಪರದೆಯ ಮ್ಯಾಸ್ಮ್ ಅಸೆಂಬ್ಲರ್ ನೆನಪಿದ್ದೇ ಇರುತ್ತದೆ. ಹೆಸರು ಕೊಟ್ಟ ತಕ್ಷಣ ಅದು ಒಂದೊಂದಾಗಿ ಕೇಳುತ್ತಿತ್ತು: ಆಬ್ಜೆಕ್ಟ್ ಫೈಲಿನ ಹೆಸರೇನು, ಸೋರ್ಸ್ ಲಿಸ್ಟಿಂಗ್ ಎಲ್ಲಿಗೆ, ಕ್ರಾಸ್ ರೆಫರೆನ್ಸ್ ಎಲ್ಲಿಗೆ. ಲಿಸ್ಟಿಂಗ್ ಪ್ರಶ್ನೆಯ ಪಕ್ಕದ ಚೌಕ ಕಂಸದಲ್ಲಿ ‘ನಲ್’ ಎಂದು ಮೊದಲೇ ಬರೆದಿರುತ್ತಿತ್ತು. ಅಂದರೆ ಸುಮ್ಮನೆ ಎಂಟರ್ ಒತ್ತಿದರೆ ಲಿಸ್ಟಿಂಗ್ ಹುಟ್ಟುತ್ತಲೇ ಇರಲಿಲ್ಲ. ಸೀನಿಯರ್‌ಗಳು ಅದಕ್ಕಿಂತ ಚುರುಕು: ಫೈಲಿನ ಹೆಸರಿನ ಕೊನೆಗೆ ಸೆಮಿಕೋಲನ್ ಹಾಕಿದರೆ ಮೂರು ಪ್ರಶ್ನೆಯೂ ಬರುವುದಿಲ್ಲ ಎಂದು ಹೇಳಿಕೊಡುತ್ತಿದ್ದರು. ಬ್ಯಾಚ್ ಮೇಲೆ ಬ್ಯಾಚ್ ಆ ಸೆಮಿಕೋಲನ್ ನಂಬಿಕೊಂಡೇ ಪಾಸಾಯಿತು.

ಒಬ್ಬ ಮೇಷ್ಟ್ರು ಮಾತ್ರ ಹಾಗೆ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರೇ ಕೀಬೋರ್ಡ್ ಎಳೆದುಕೊಂಡು ಸೆಮಿಕೋಲನ್ ಅಳಿಸಿದರು, ಲಿಸ್ಟಿಂಗ್‌ಗೆ ಹೆಸರು ಕೊಟ್ಟರು, ಫೈಲ್ ತೆರೆದು ಒಂದು ಜಂಪ್ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿದ್ದದ್ದು ಇಬಿ 04 90.

“ಏನಪ್ಪಾ, ಈ ನೈಂಟಿ ಬರೆದಿದ್ದು ಯಾರು?”

“ನಾನಲ್ಲ ಸರ್.”

“ನೀನೂ ಬರೆದಿಲ್ಲ, ನಾನೂ ಬರೆದಿಲ್ಲ. ಮತ್ತೆ ಎಲ್ಲಿಂದ ಬಂತು? ಮುಂದಿನ ಲ್ಯಾಬಿಗೆ ಬರೋವಾಗ ತಿಳಕೊಂಡು ಬಾ.”

90 ಎಂದರೆ ನಾಪ್, ಏನೂ ಮಾಡದ ಇನ್‌ಸ್ಟ್ರಕ್ಷನ್. ಬಂದ ಬಗೆ ಹೀಗೆ. ಜಂಪ್ ಹೋಗಬೇಕಾದ ಲೇಬಲ್ ಇನ್ನೂ ಕೆಳಗಿದೆ, ಎಷ್ಟು ದೂರವೆಂದು ಮ್ಯಾಸ್ಮ್‌ಗೆ ಮೊದಲ ಸುತ್ತಿನಲ್ಲಿ ಗೊತ್ತಿಲ್ಲ. ದೂರವಿದ್ದರೂ ಇರಲಿ ಎಂದು ಮೂರು ಬೈಟು ಜಾಗ ಕಾಯ್ದಿರಿಸುತ್ತದೆ. ಎರಡನೇ ಸುತ್ತಿನಲ್ಲಿ ನೋಡಿದರೆ ಲೇಬಲ್ ಹತ್ತಿರದಲ್ಲೇ ಇದೆ, ಎರಡು ಬೈಟಿನ ಶಾರ್ಟ್ ಜಂಪ್ ಸಾಕು. ಅಷ್ಟರಲ್ಲಿ ಉಳಿದ ಲೇಬಲ್‌ಗಳ ವಿಳಾಸವೆಲ್ಲ ಲೆಕ್ಕವಾಗಿಬಿಟ್ಟಿದೆ, ಜಾಗ ಹಿಂದೆಗೆದುಕೊಳ್ಳುವಂತಿಲ್ಲ. ಖಾಲಿ ಉಳಿದ ಒಂದು ಬೈಟಿಗೆ ನಾಪ್ ತುಂಬುತ್ತದೆ. ‘ಶಾರ್ಟ್’ ಎಂದು ನಾವೇ ಬರೆದಿದ್ದರೆ ಆ 90 ಬರುತ್ತಲೇ ಇರಲಿಲ್ಲ. ಹಾರಿಹೋಗುವ ದೂರ 03 ಆಗದೆ 04 ಆದದ್ದೂ ಅದೇ ನಾಪ್‌ನಿಂದ. ಅಲ್ಲಿಯವರೆಗೆ ಅಸೆಂಬ್ಲರ್ ಎಂದರೆ ಹೇಳಿದ್ದನ್ನು ಹೇಳಿದಂತೆ ಅಂಕಿ ಮಾಡುವ ಯಂತ್ರ ಎಂದುಕೊಂಡಿದ್ದವನಿಗೆ, ಅದೂ ಊಹಿಸುತ್ತದೆ, ಊಹೆ ತಪ್ಪಿದರೆ ತೇಪೆ ಹಾಕುತ್ತದೆ ಎಂದು ತಿಳಿದದ್ದು ಆ ಒಂದು ಬೈಟಿನಿಂದ.

ಅದೇ ಜಂಪನ್ನು ಇವತ್ತಿನ ನ್ಯಾಸ್ಮ್‌ಗೆ ಕೊಟ್ಟರೆ ಇಬಿ 03, ತೇಪೆಯಿಲ್ಲ. ಇದಕ್ಕೆ ಕಾರಣ ಕ್ಯಾಪಿಟಲ್ ಓ ಆಪ್ಷನ್. ಸಣ್ಣ ಓ ಔಟ್‌ಪುಟ್ ಫೈಲಿನ ಹೆಸರಿಗೆ, ದೊಡ್ಡ ಓ ಆಪ್ಟಿಮೈಸೇಷನ್‌ಗೆ. ಇವೆರಡನ್ನು ಅದಲುಬದಲು ಮಾಡುವವರಿಗೆ ಈ ಲೇಖನ ಏನೂ ಮಾಡಲಾರದು. ದೊಡ್ಡ ಓ ಮುಂದೆ ‘ಎಕ್ಸ್’ ಅಕ್ಷರ ಬಂದರೆ ನ್ಯಾಸ್ಮ್ ಜಂಪ್‌ಗಳೆಲ್ಲ ಎಷ್ಟು ಚಿಕ್ಕದಾಗಬಹುದೋ ಅಷ್ಟು ಚಿಕ್ಕದಾಗುವ ತನಕ ಸುತ್ತು ಹಾಕುತ್ತದೆ. 2.09ನೇ ಆವೃತ್ತಿಯಿಂದ ಈಚೆಗೆ ಹೇಳದಿದ್ದರೂ ಇದೇ ನಡೆಯುವುದು. ‘ಓ ಸೊನ್ನೆ’ ಕೊಟ್ಟರೆ ಹಳೆಯ ಕಾಲಕ್ಕೆ ವಾಪಸು: ಎಲ್ಲ ಆಪರೆಂಡೂ ಉದ್ದದ ರೂಪದಲ್ಲಿ, ಕಂಡಿಷನಲ್ ಜಂಪ್ ಒಂದನ್ನು ಬಿಟ್ಟು. ಒಂದೇ ಫೈಲನ್ನು ಎರಡೂ ರೀತಿಯಲ್ಲಿ ಮಾಡಿಸಿ, ಎರಡು ಲಿಸ್ಟಿಂಗನ್ನು ಅಕ್ಕಪಕ್ಕ ಇಟ್ಟು ಆಫ್‌ಸೆಟ್ ಕಾಲಂ ಮೇಲಿಂದ ಕೆಳಕ್ಕೆ ಓದಬೇಕು. ಎಲ್ಲಿ ದಾರಿ ಬೇರೆಯಾಯಿತು, ಮುಂದೆ ಅಂತರ ಎಷ್ಟೆಷ್ಟು ಹಿಗ್ಗಿತು ಎಂದು ನೋಡುವ ಸುಖ ಬೇರೆ. ‘ಓವಿ’ ಎಂದು ಕೊಟ್ಟರೆ ಒಟ್ಟು ಎಷ್ಟು ಸುತ್ತು ಹಾಕಿತೆಂದು ಕೊನೆಯಲ್ಲಿ ನ್ಯಾಸ್ಮೇ ಹೇಳುತ್ತದೆ.

ಇಲ್ಲೊಂದು ಮೂಢನಂಬಿಕೆಯ ಪ್ರಸ್ತಾಪ ಆಗಲೇಬೇಕು. ಸಿ ಕಂಪೈಲರ್ ಜಿಸಿಸಿಯ ಅಭ್ಯಾಸದಿಂದ ಬಂದವರು ನ್ಯಾಸ್ಮ್‌ಗೂ ‘ಓ3’ ಕೊಟ್ಟು, ಪ್ರೋಗ್ರಾಂ ಈಗ ವೇಗವಾಯಿತೆಂದು ಬೀಗುತ್ತಾರೆ. ನ್ಯಾಸ್ಮ್ ನಿಮ್ಮ ಲೂಪ್ ಬಿಚ್ಚುವುದಿಲ್ಲ, ರಿಜಿಸ್ಟರ್ ಹಂಚುವುದಿಲ್ಲ. ಬರೆದ ಇನ್‌ಸ್ಟ್ರಕ್ಷನ್‌ಗೆ ಚಿಕ್ಕ ಎನ್‌ಕೋಡಿಂಗ್ ಹುಡುಕುತ್ತದೆ, ಅಷ್ಟೇ. ಒಂದಕ್ಕಿಂತ ದೊಡ್ಡ ಅಂಕಿ ಯಾವುದನ್ನು ಕೊಟ್ಟರೂ ಅದು ‘ಓಎಕ್ಸ್’ ಎಂದೇ ಲೆಕ್ಕ. ಓ3ಕ್ಕೂ ಓ500ಕ್ಕೂ ಕೂದಲೆಳೆಯ ಅಂತರವೂ ಇಲ್ಲ.

ಕನ್ನಡದವರಿಗೆ ಲಿಸ್ಟಿಂಗ್ ಒಂದು ಹೆಚ್ಚಿನ ಮಜಾ ಕೊಡುತ್ತದೆ. ‘ಹಲೋ ವರ್ಲ್ಡ್’ ಅಳಿಸಿ ಡಿಬಿ ಸಾಲಿನಲ್ಲಿ ‘ನಮಸ್ಕಾರ’ ಎಂದು ಬರೆಯಿರಿ, ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಓದುವ ಬಾಯಿಗೆ ಅದು ನಾಲ್ಕು ಅಕ್ಷರ. ನಾಲ್ಕನ್ನೇ ನಂಬಿ ಆರ್‌ಡಿಎಕ್ಸ್‌ನಲ್ಲಿ ಉದ್ದ 4 ಎಂದು ಇಟ್ಟರೆ ಟರ್ಮಿನಲ್‌ನಲ್ಲಿ ಒಂದು ‘ನ’ ಬಂದು, ಅದರ ಪಕ್ಕದಲ್ಲಿ ಅರ್ಥವಿಲ್ಲದ ಗುರುತೊಂದು ಬೀಳುತ್ತದೆ. ಲಿಸ್ಟಿಂಗ್ ತೆಗೆದರೆ ಕಾರಣ ಕಣ್ಣೆದುರಿಗೇ ಇದೆ. ಸಾಲಿಗೆ ಒಂಬತ್ತು ಬೈಟು ಹಿಡಿಯುವ ಆ ಕಾಲಂನಲ್ಲಿ ಮೊದಲು ಇ0 ಬಿ2 ಎ8, ಇದು ‘ನ’. ಆಮೇಲೆ ಇ0 ಬಿ2 ಎಇ, ‘ಮ’. ಆಮೇಲೆ ಇ0 ಬಿ2 ಬಿ8, ‘ಸ’. ಅಲ್ಲಿಗೆ ಸಾಲು ತುಂಬಿತು, ಮುಂದಿದೆ ಎಂಬುದಕ್ಕೆ ಒಂದು ಹೈಫನ್. ಕೆಳಗಿನ ಸಾಲು ಶುರುವಾಗುವುದು ಇ0 ಬಿ3 8ಡಿ ಇಂದ. ಅದು ಅರ್ಧಾಕ್ಷರ ಮಾಡುವ ಹಲಂತದ ಗುರುತು. ಅದರ ಹಿಂದೆ ‘ಕ’, ಆಮೇಲೆ ದೀರ್ಘ. ನಾವು ಒಂದೇ ಅಕ್ಷರವೆಂದು ಬರೆಯುವ ‘ಸ್ಕಾ’ ಎರಡು ಸಾಲಿಗೆ ಸೀಳಿಹೋಗಿ ಹನ್ನೆರಡು ಬೈಟು ತಿಂದಿದೆ. ಮೂರನೇ ಸಾಲಿನಲ್ಲಿ ‘ರ’ ಒಂಟಿ. ಒಟ್ಟು ಏಳು ಸಂಕೇತ, ಒಂದೊಂದಕ್ಕೆ ಮೂರರಂತೆ 21 ಬೈಟು. ಉದ್ದವನ್ನು ಕೈಯಲ್ಲಿ ಎಣಿಸಬೇಡಿ, ಡಾಲರ್ ಗುರುತಿನಿಂದ ಲೇಬಲ್ ಕಳೆದು ಅಸೆಂಬ್ಲರ್‌ಗೇ ಲೆಕ್ಕ ಹಾಕಿಸಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಯಾಕೆಂದು ಇಷ್ಟು ಚೆನ್ನಾಗಿ ತೋರಿಸುವುದು ಕನ್ನಡವೇ.

ಇನ್ನು -ಎಫ್ ವಿಚಾರ. ಅದು ಔಟ್‌ಪುಟ್‌ನ ಫಾರ್ಮ್ಯಾಟ್ ಹೇಳುತ್ತದೆ: ಲಿನಕ್ಸ್‌ಗೆ ಎಲ್ಫ್64, ವಿಂಡೋಸ್‌ಗೆ ವಿನ್64, ಮ್ಯಾಕ್‌ಗೆ ಮ್ಯಾಕ್‌ಓ64. ಹೇಳದಿದ್ದರೆ ‘ಬಿನ್’: ಹೆಡರ್ ಇಲ್ಲದ, ಸಿಂಬಲ್ ಟೇಬಲ್ ಇಲ್ಲದ ಬರಿಯ ಬೈಟುಗಳು. -ಎಫ್ ಮರೆತು ಎಲ್‌ಡಿ ಮುಂದೆ ಇಟ್ಟವನಿಗೆ ಫೈಲ್ ಫಾರ್ಮ್ಯಾಟ್ ಗುರುತಾಗಲಿಲ್ಲ ಎಂಬ ಬೈಗುಳ ಸಿಗುವುದು ಇದರಿಂದಲೇ. ಆದರೆ ಬಿನ್ ತಪ್ಪಿ ಆಗುವ ಅನಾಹುತವಲ್ಲ, ಬೂಟ್ ಸೆಕ್ಟರ್ ಬರೆಯುವವನಿಗೆ ಅದೇ ಬೇಕು. ಕಾಲೇಜು ಹುಡುಗರ ಮುಂದೆ ಈ ಲೇಖಕ ಮಾಡಿ ತೋರಿಸುತ್ತ ಬಂದಿರುವ ಐಟಂ ಕೂಡ ಅದು. ಪರದೆಯ ಮೇಲೆ ಒಂದಕ್ಷರ ಬರೆಸಿ ನಿಲ್ಲುವ 13 ಬೈಟಿನ ಕೋಡ್, 510 ತುಂಬುವ ತನಕ ಸೊನ್ನೆ, ಕೊನೆಗೆ ಎಎ55 ಎಂಬ ವರ್ಡ್. ಲಿಸ್ಟಿಂಗ್‌ನಲ್ಲಿ ಸೊನ್ನೆಗಳ ಸಾಲು ‘00’ ಎಂದಷ್ಟೇ ಬಂದು, ಪಕ್ಕದ ಕೋನ ಕಂಸದಲ್ಲಿ 1ಎಫ್1 ಸಲ ಎಂಬ ಲೆಕ್ಕ, ಅಂದರೆ 497. ಅದರ ಕೆಳಗೆ 1ಎಫ್‌ಇ ಆಫ್‌ಸೆಟ್‌ನಲ್ಲಿ 55 ಎಎ, ತಿರುಗಿಸಿಟ್ಟಂತೆ. ಕಡಿಮೆ ಬೆಲೆಯ ಬೈಟು ಮೊದಲು ಎಂಬ ಇಂಟೆಲ್ ಪದ್ಧತಿಯನ್ನು ಬೋರ್ಡಿನ ಮೇಲೆ ಗಂಟೆಗಟ್ಟಲೆ ವಿವರಿಸಿದರೂ ಆಕಳಿಸುವ ಹುಡುಗರು ಆ ಒಂದು ಸಾಲು ನೋಡಿ ಎದ್ದು ಕೂರುತ್ತಾರೆ. ಹಿಂದಿನ ಬೆಂಚಿನವರು ಮಾತ್ರ ‘ಇದನ್ನ ಪೈಥಾನ್‌ನಲ್ಲಿ ಮಾಡಕ್ಕಾಗಲ್ವಾ ಸರ್?’ ಎಂದು ಕೇಳಿಯೇ ಕೇಳುತ್ತಾರೆ.

ಲಿಸ್ಟಿಂಗ್ ಓದುವುದು ಹವ್ಯಾಸಿಗಳ ಹುಚ್ಚು ಎನ್ನುವವರಿಗೆ ಎರಡು ಉದಾಹರಣೆ. 1981ರ ಐಬಿಎಂ ಪಿಸಿಯ ಟೆಕ್ನಿಕಲ್ ರೆಫರೆನ್ಸ್ ಪುಸ್ತಕದಲ್ಲಿ ಬಯಾಸ್‌ನ ಅಸೆಂಬ್ಲಿ ಲಿಸ್ಟಿಂಗ್ ಇಡಿಯಾಗಿ ಅಚ್ಚಾಗಿತ್ತು, ವಿಳಾಸ ಮತ್ತು ಬೈಟುಗಳ ಸಮೇತ. ಇನ್ನೊಂದು, ಅಪೊಲೊ ಯಾನದ ತಂತ್ರಾಂಶ ತಂಡದ ಮಾರ್ಗರೆಟ್ ಹ್ಯಾಮಿಲ್ಟನ್ ತಮ್ಮಷ್ಟೇ ಎತ್ತರದ ಕಾಗದದ ರಾಶಿಯ ಪಕ್ಕ ನಿಂತ 1969ರ ಫೋಟೊ. ಎಲ್ಲರೂ ನೋಡಿ ಮೆಚ್ಚುವ ಆ ರಾಶಿ ಲಿಸ್ಟಿಂಗ್‌ಗಳದ್ದು.

ಉಳಿದ ಆಪ್ಷನ್‌ಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. -ಜಿ ಡೀಬಗ್ ಮಾಹಿತಿ ಸೇರಿಸುತ್ತದೆ, ಜಿಡಿಬಿ ಬಳಸುವವರಿಗೆ ಬೇಕು. ಕ್ಯಾಪಿಟಲ್ ಇ ಮ್ಯಾಕ್ರೊಗಳನ್ನು ಬಿಡಿಸಿ ತೋರಿಸಿ ನಿಲ್ಲುತ್ತದೆ. ಕ್ಯಾಪಿಟಲ್ ಡಿ ಹೊರಗಿನಿಂದ ಒಂದು ಹೆಸರಿಗೆ ಬೆಲೆ ಕೊಡುತ್ತದೆ. ಕ್ಯಾಪಿಟಲ್ ಐ ಇನ್‌ಕ್ಲೂಡ್ ಫೈಲುಗಳ ಫೋಲ್ಡರ್ ಹೇಳುತ್ತದೆ, 2.14ಕ್ಕಿಂತ ಹಳೆಯ ನ್ಯಾಸ್ಮ್ ಇದ್ದರೆ ಕೊನೆಯ ಸ್ಲ್ಯಾಷ್ ಮರೆಯುವಂತಿಲ್ಲ, ಯಾಕೆಂದರೆ ಅದು ಕೊಟ್ಟದ್ದನ್ನು ಹಾಗೆಯೇ ಫೈಲಿನ ಹೆಸರಿಗೆ ಅಂಟಿಸುತ್ತಿತ್ತು. ಕ್ಯಾಪಿಟಲ್ ಎಲ್ 2.15ರಲ್ಲಿ ಬಂದದ್ದು, ಲಿಸ್ಟಿಂಗ್‌ನಲ್ಲಿ ಏನೇನು ಇರಬೇಕೆಂದು ಆರಿಸಲು. ಅದರ ಮುಂದೆ ಸಣ್ಣ ಡಿ ಸೇರಿಸಿದರೆ ಮೇಲೆ ಹೇಳಿದ 1ಎಫ್1 ದಶಮಾನದಲ್ಲೇ ಬರುತ್ತದೆ. ಪ್ಲಸ್ ಹಾಕಿದರೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ, ಮೊದಲ ದಿನಕ್ಕೆ ಬೇಡ.

ಎಚ್ಚರಿಕೆಗಳ -ಡಬ್ಲ್ಯು ಬಗ್ಗೆ ಒಂದು ಮಾತು ಜಾಸ್ತಿ. ಲೋಡ್‌ಎಸ್‌ಬಿ ಎಂಬ ಇನ್‌ಸ್ಟ್ರಕ್ಷನ್ ಬರೆಯಲು ಹೋಗಿ ‘ಎಸ್’ ಬದಲು ‘ಎ’ ಒತ್ತಿದರೆ ನ್ಯಾಸ್ಮ್‌ಗೆ ಅದು ತಪ್ಪಲ್ಲ. ಕೋಲನ್ ಇಲ್ಲದ ಒಂದು ಲೇಬಲ್. ಒಂದು ಎಚ್ಚರಿಕೆ ಬರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಲಿಸ್ಟಿಂಗ್‌ನಲ್ಲಾದರೆ ಆ ಸಾಲಿನ ಎಡಗಡೆ ಎಸಿ ಎಂಬ ಬೈಟು ಇರಬೇಕಾದ ಜಾಗ ಖಾಲಿ ಹೊಡೆಯುತ್ತಿರುತ್ತದೆ.

‘ನಾವು ಸಿ ಬರೆಯುವವರು, ನಮಗೇಕೆ ಇದು’ ಎನ್ನುವವರೂ ತಪ್ಪಿಸಿಕೊಳ್ಳುವಂತಿಲ್ಲ. ಜಿಸಿಸಿಗೆ -ಸಿ, -ಜಿ ಜೊತೆಗೆ ಕ್ಯಾಪಿಟಲ್ ಡಬ್ಲ್ಯು, ಸಣ್ಣ ಎ, ಒಂದು ಅಲ್ಪವಿರಾಮ, ಆಮೇಲೆ -ಎಎಚ್‌ಎಲ್ ಎಂದು ಕೊಟ್ಟರೆ, ಅಲ್ಪವಿರಾಮದ ಆಚೆಯದನ್ನು ಅದು ತನ್ನ ಬೆನ್ನಿಗಿರುವ ಗ್ಯಾಸ್ ಅಸೆಂಬ್ಲರ್‌ಗೆ ದಾಟಿಸುತ್ತದೆ. ಆಗ ಬರುವ ಲಿಸ್ಟಿಂಗ್‌ನಲ್ಲಿ ನಿಮ್ಮ ಸಿ ಸಾಲು, ಅದರ ಕೆಳಗೆ ಅದರಿಂದ ಹುಟ್ಟಿದ ಇನ್‌ಸ್ಟ್ರಕ್ಷನ್‌ಗಳು, ಎಡಗಡೆ ಬೈಟುಗಳು. ಕೊನೆಗೆ ಸಮಚಿಹ್ನೆ ಹಾಕಿ ಫೈಲಿನ ಹೆಸರು ಕೊಡದಿದ್ದರೆ ಎಲ್ಲ ಪರದೆಯ ಮೇಲೇ ಸುರಿದುಹೋಗುತ್ತದೆ. x86ನಲ್ಲಿ ಜಿಸಿಸಿ ಸುಮ್ಮನೆ ಬಿಟ್ಟರೆ ಬರೆಯುವುದು ಎಟಿ ಅಂಡ್ ಟಿ ಶೈಲಿ, ಆಪರೆಂಡ್‌ಗಳು ಹಿಂದುಮುಂದು, ರಿಜಿಸ್ಟರ್‌ಗೊಂದು ಪರ್ಸೆಂಟ್ ಗುರುತು. ಅದನ್ನು ಸಹಿಸದವರು ಜಿಸಿಸಿಗೆ -ಎಂಎಎಸ್‌ಎಂ ಸಮ ಇಂಟೆಲ್ ಎಂದೂ ಸೇರಿಸಿಕೊಳ್ಳಬಹುದು. ಈ ಲೇಖಕ ಸೇರಿಸಿಕೊಳ್ಳುತ್ತಾನೆ.