ದೇವರಾಯನದುರ್ಗದ ನಾಲ್ಕು ಹೆಸರುಗಳು: ಸ್ಥಳೀಯ ಚರಿತ್ರೆಯ ಬರವಣಿಗೆಯನ್ನು ಕುರಿತು

ತುಮಕೂರಿನ ಪೂರ್ವಕ್ಕೆ ಸುಮಾರು ೧೫ ಕಿಲೋಮೀಟರು ದೂರದಲ್ಲಿರುವ ದೇವರಾಯನದುರ್ಗಕ್ಕೆ ನಾಲ್ಕು ಹೆಸರುಗಳುಂಟು. ಯೋಗನರಸಿಂಹ ಭೋಗನರಸಿಂಹರ ದರ್ಶನಕ್ಕೆ ಬರುವ ಭಕ್ತರಿಗೆ ಅದು ಕರಿಗಿರಿ. ಹಳೆಯ ಐತಿಹ್ಯದಲ್ಲಿ ಅದು ಆನೆಬಿದ್ದಸರಿ. ಜಡಕನೆಂಬ ನಾಯಕನ ಕಾಲದಿಂದ ಅದಕ್ಕೆ ಜಡಕನದುರ್ಗವೆಂಬ ಹೆಸರು ಬಂದಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು (೧೬೭೩–೧೭೦೪) ಅದನ್ನು ವಶಪಡಿಸಿಕೊಂಡ ಮೇಲೆ ಈಗಿನ ಹೆಸರು ನಿಂತಿತು. ಈ ನಾಲ್ಕು ಹೆಸರುಗಳನ್ನು ನಮ್ಮ ಚರಿತ್ರಕಾರರು ಹೇಗೆ ಬಳಸಿಕೊಂಡಿದ್ದಾರೆ ಎಂಬುದನ್ನು ಪರಿಶೀಲಿಸುವುದರಿಂದ, ಸ್ಥಳೀಯ ಚರಿತ್ರೆಯನ್ನು ಬರೆಯುವ ಕ್ರಮವನ್ನು ಕುರಿತೇ ಕೆಲವು ಮಾತುಗಳನ್ನು ಹೇಳಲು ಅವಕಾಶವಾಗುತ್ತದೆಂದು ನಾವು ಭಾವಿಸುತ್ತೇವೆ.

ಈ ವಿಷಯದಲ್ಲಿ ನಮ್ಮ ಮೊದಲ ಋಣ ಬಿ. ಎಲ್. ರೈಸ್ ಅವರಿಗೆ ಸಲ್ಲಬೇಕು. ೧೮೯೭ರಲ್ಲಿ ಪರಿಷ್ಕೃತವಾಗಿ ಹೊರಬಂದ ಮೈಸೂರು ಗೆಜೆಟಿಯರಿನಲ್ಲಿಯೂ, ೧೯೦೪ರಲ್ಲಿ ಪ್ರಕಟವಾದ ತುಮಕೂರು ಜಿಲ್ಲೆಯ ಶಾಸನಸಂಪುಟದಲ್ಲಿಯೂ ಅವರು ಕೂಡಿಹಾಕಿದ ಸಾಮಗ್ರಿಯಿಲ್ಲದೆ ಈ ಸೀಮೆಯ ಚರಿತ್ರೆಯನ್ನು ಕುರಿತು ಒಂದು ಪುಟವನ್ನೂ ಬರೆಯಲಾಗದು. ಐತಿಹ್ಯವನ್ನು ಅವರು ತಿರಸ್ಕರಿಸಲಿಲ್ಲ, ಕೇಳಿದ್ದನ್ನು ಬರೆದಿಟ್ಟರು. ಹಯವದನರಾಯರ ಗೆಜೆಟಿಯರು (೧೯೨೭–೩೦) ಬಹುಮಟ್ಟಿಗೆ ಈ ದಾರಿಯಲ್ಲಿಯೇ ನಡೆಯಿತು. ಆದರೆ ದಾರಿ ತೋರಿದವರ ತಪ್ಪೂ ದಾರಿಯೊಡನೆ ಮುಂದುವರಿಯುತ್ತದೆ.

ಮೊದಲನೆಯ ತೊಡಕು, ಹೆಸರುಗಳನ್ನು ಒಂದರ ಹಿಂದೊಂದು ಬಂದ ಯುಗಗಳಂತೆ ಜೋಡಿಸುವುದು. ಐತಿಹ್ಯ ಮೊದಲು, ಪಾಳೆಯಗಾರ ಅನಂತರ, ಅರಸ ಕೊನೆಗೆ. ಅರಸನು ಬಂದೊಡನೆ ಹಿಂದಿನದೆಲ್ಲ ಕಥೆಯಾಗಿಬಿಡುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಕಂದಾಯದ ಲೆಕ್ಕದಲ್ಲಿ ದೇವರಾಯನದುರ್ಗವಾದ ಬೆಟ್ಟವೇ ಗುಡಿಯ ಸಂಕಲ್ಪದಲ್ಲಿ ಇಂದಿಗೂ ಕರಿಗಿರಿ. 'ಕರಿ' ಎಂದರೆ ಆನೆ. ಹಾಗಿದ್ದಲ್ಲಿ ಸಂಸ್ಕೃತದ ಕರಿಗಿರಿಯಲ್ಲಿಯೂ ಕನ್ನಡದ ಆನೆಬಿದ್ದಸರಿಯಲ್ಲಿಯೂ ಒಂದೇ ಪ್ರಾಣಿ ನಿಂತಿದೆ. ಸ್ಥಳಪುರಾಣವನ್ನು ಹೇಳಿದವರೂ, ಬೆಟ್ಟದ ತಪ್ಪಲಿನಲ್ಲಿ ದನ ಕಾಯ್ದವರೂ ತಮ್ಮ ತಮ್ಮ ಭಾಷೆಯಲ್ಲಿ ಒಂದೇ ನೆನಪನ್ನು ಉಳಿಸಿಕೊಂಡಿರಬಹುದು. ಯಾವುದು ಮೊದಲೆಂದು ಹೆಸರಿನಿಂದಲೇ ನಿರ್ಣಯಿಸುವುದು ಸಾಹಸ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡದಿರುವುದು ಮಾತ್ರ ಅಲಕ್ಷ್ಯ.

ಎರಡನೆಯದು ಜಡಕನ ಪ್ರಶ್ನೆ. ಬರಹಗಳಲ್ಲಿ ಅವನು ಕಳ್ಳರ ನಾಯಕ. ಇರಬಹುದು. ಆದರೆ ಈ ಜಿಲ್ಲೆ ಮಧುಗಿರಿ, ಕೊರಟಗೆರೆ, ಹಾಗಲವಾಡಿಗಳ ಪಾಳೆಯಗಾರರು ಆಳಿದ ನೆಲ. ಕೋಟೆ ಕೈಯಲ್ಲಿರುವ ತನಕ ನಾಯಕ, ಕೋಟೆ ಹೋದ ಮೇಲೆ ಕಳ್ಳ ಎಂಬ ಮಾತು ಗೆದ್ದವರ ಬಾಯಲ್ಲಿ ಹುಟ್ಟುವುದು ಲೋಕರೂಢಿ. ಜನ ಒಂದು ಗಿರಿದುರ್ಗವನ್ನು ಬರಿಯ ಕಳ್ಳನ ಹೆಸರಿನಿಂದ ಏಕೆ ಕರೆದರು ಎಂದು ಕೇಳುವುದು ವಿಮರ್ಶಕನ ಕರ್ತವ್ಯವಾಗಿತ್ತು. ಆ ಪ್ರಶ್ನೆಯನ್ನು ಯಾರೂ ಎತ್ತದೆ ಉಳಿದುದು ವಿಷಾದಕರ.

ಮೂರನೆಯದು ಇನ್ನೂ ಗುರುತರವಾದುದು. ಈ ಬರಹಗಳಲ್ಲಿ ಬೆಟ್ಟವಿದೆ, ಕೋಟೆಯಿದೆ, ಗುಡಿಯಿದೆ, ಜನರಿಲ್ಲ. ಜಯಮಂಗಲಿ ಇಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಶಿಂಷಾ ಇಲ್ಲಿಂದಲೇ ದಕ್ಷಿಣಾಭಿಮುಖವಾಗಿ ಸಾಗಿ, ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬಿ, ಕಾವೇರಿಗೆ ಸೇರುತ್ತದೆ. ಗೆಜೆಟಿಯರುಗಳು ಈ ಸಂಗತಿಯನ್ನು ಭೂಗೋಳದ ಅಧ್ಯಾಯಕ್ಕೆ ಒಪ್ಪಿಸಿ ಕೈತೊಳೆದುಕೊಂಡಿವೆ. ಆ ನೀರಿನಿಂದ ಬದುಕಿದ ಒಕ್ಕಲು, ಕೆರೆ ಕಾಯ್ದ ನೀರುಗಂಟಿ, ಅಡಕೆ ತೆಂಗುಗಳ ತೋಟ ಮಾಡಿದವನು ಇವರು ಚರಿತ್ರೆಯ ಅಧ್ಯಾಯದೊಳಕ್ಕೆ ಬರಲೇ ಇಲ್ಲ.

ಈ ಕೊರತೆ ನಮ್ಮಲ್ಲಿ ಮಾತ್ರ ಕಂಡುಬರುವುದಲ್ಲ. ಇಂಗ್ಲೆಂಡಿನ ಕೈಗಾರಿಕಾ ನಗರಗಳ ಚರಿತ್ರೆಯೂ ಈ ಹಂತವನ್ನು ದಾಟಿ ಬಂದಿದೆ. ೧೮೪೫ರಲ್ಲಿ ಎಂಗೆಲ್ಸನು ಮ್ಯಾಂಚೆಸ್ಟರಿನ ಕಾರ್ಮಿಕರ ಕೇರಿಗಳನ್ನು ವರ್ಣಿಸಿದನು. ಐರಿಷ್ ಜನ ನೆಲೆಸಿದ್ದ 'ಲಿಟ್ಲ್ ಐರ್ಲೆಂಡ್' ಎಂಬ ಕೇರಿಯ ದುಃಸ್ಥಿತಿ ಅವನ ಗ್ರಂಥದಿಂದ ಲೋಕಕ್ಕೆ ತಿಳಿಯಿತು. ಆದರೆ ಅವನು ಹೊರಗಿನಿಂದ ಬಂದವನು. ನೆರೆಯ ಸಾಲ್‌ಫರ್ಡಿನಲ್ಲಿ ೧೯೦೫ರಲ್ಲಿ ಹುಟ್ಟಿದ ರಾಬರ್ಟ್ ರಾಬರ್ಟ್ಸ್ ೧೯೭೧ರಲ್ಲಿ ತನ್ನ ಕೇರಿಯ ಚರಿತ್ರೆಯನ್ನು ಬರೆದಾಗ ಬೇರೊಂದು ಚಿತ್ರ ಮೂಡಿತು. ಅವನ ತಾಯಿ ಬೀದಿಯ ಮೂಲೆಯಲ್ಲಿ ಅಂಗಡಿ ಇಟ್ಟವಳು. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೂಡದು ಎಂಬ ಆಕೆಯ ತೀರ್ಮಾನದಲ್ಲಿಯೇ ಬಡವರೊಳಗಣ ಮೇಲುಕೀಳುಗಳ ಶ್ರೇಣಿಯೆಲ್ಲ ಅಡಗಿತ್ತು. ದೂರದಿಂದ ಒಂದೇ ಗುಂಪಾಗಿ ಕಂಡವರು ಹತ್ತಿರದಿಂದ ಹಲವರಾದರು.

ಒಳಗಿನವನ ಮಾತೇ ಸತ್ಯವೆಂದು ನಾವು ಹೇಳುತ್ತಿಲ್ಲ. ಸ್ಥಳಪುರಾಣವೂ ಒಳಗಿನವರದೇ, ಅದು ತೀರ್ಥಗಳ ಮಹಿಮೆಯನ್ನು ಹೇಳುತ್ತದೆ, ತೀರ್ಥಕ್ಕೆ ಮೆಟ್ಟಿಲು ಕಡಿದವರ ಮಾತನ್ನೆತ್ತುವುದಿಲ್ಲ. ಹೊರಗಿನ ಕಣ್ಣಿಗೆ ಒಳಗಿನ ನೆನಪು, ಒಳಗಿನ ನೆನಪಿಗೆ ಶಾಸನ ದಫ್ತರಗಳ ಸಾಕ್ಷ್ಯ: ಇವು ಒಂದನ್ನೊಂದು ತಿದ್ದಬೇಕು.

ತುಮಕೂರಿಗೆ ಈ ಮಾತು ಇಂದು ವಿಶೇಷವಾಗಿ ಅನ್ವಯಿಸುತ್ತದೆ. ಮಂಡಿಪೇಟೆ, ಚಿಕ್ಕಪೇಟೆ, ಅಗ್ರಹಾರ ಎಂಬ ಹೆಸರುಗಳಲ್ಲಿ ವ್ಯಾಪಾರದ ಊರೊಂದರ ಕಟ್ಟಡವೇ ಕಾಣುತ್ತದೆ. ಮಂಡಿಗಳ ಹಳೆಯ ಲೆಕ್ಕದ ಪುಸ್ತಕಗಳು ರಾಬರ್ಟ್ಸನ ತಾಯಿಯ ಅಂಗಡಿಗಿಂತ ಕಡಿಮೆಯ ಆಕರವಲ್ಲ. ೧೯೭೮ರಲ್ಲಿ ಇಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ೨೦೧೬ರಲ್ಲಿ ಮುಚ್ಚಿತು. ಸುಮಾರು ನಾಲ್ಕು ದಶಕಗಳ ಆ ದುಡಿಮೆಯ ನೆನಪು ಉಳಿದಿರುವುದು ದುಡಿದವರಲ್ಲಿ ಮಾತ್ರ. ಗುಬ್ಬಿ ತಾಲ್ಲೂಕಿನಲ್ಲಿ ೬೧೫ ಎಕರೆಯಲ್ಲಿ ೨೦೨೩ರ ಫೆಬ್ರವರಿ ೬ರಂದು ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆ ನೆಲದ ಹೆಸರು ಬಿದರೆಹಳ್ಳ ಕಾವಲು. ಕಾವಲೆಂದರೆ ದನಗಳ ಮೇವಿಗೆ ಕಾಯ್ದಿರಿಸಿದ ಹುಲ್ಲುಗಾವಲು. ಬಿದಿರು, ಹಳ್ಳ, ಹುಲ್ಲು ಮೂರನ್ನೂ ಆ ಹೆಸರು ಹೇಳುತ್ತದೆ. ಮುಂದೆ ಅದು ಕಾರ್ಖಾನೆಯ ವಿಳಾಸವಾಗಿ ಮಾತ್ರ ಉಳಿದರೆ, ಆನೆಬಿದ್ದಸರಿಗೆ ಆದುದೇ ಅದಕ್ಕೂ ಆಗುವುದು.

ಆದಕಾರಣ, ಸಂಶೋಧನೆಗೆ ವಿಷಯವನ್ನರಸುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟೆ. ರೈಸ್ ಅವರ ಪುಟವನ್ನು ತೆರೆದಿಟ್ಟುಕೊಳ್ಳಲಿ. ಆದರೆ ಅದನ್ನು ನಕಲು ಮಾಡದೆ, ಅದರಲ್ಲಿ ಇಲ್ಲದವರು ಯಾರೆಂಬುದನ್ನು ಮೊದಲು ಗುರುತುಹಾಕಿಕೊಳ್ಳಲಿ. ಶಾಸನ ಇನ್ನೂರು ವರ್ಷ ಕಾಯಬಲ್ಲುದು. ಗಡಿಯಾರದ ಕಾರ್ಖಾನೆಯಲ್ಲಿ ದುಡಿದವರು ಕಾಯಲಾರರು.