ಮಂಡ್ಯ ಸೀಮೆಯ ಕಾಲೇಜು ವಿದ್ಯಾರ್ಥಿಗಳು ಮತ್ತು ಫಾಸ್ಟ್‌ಫುಡ್: ಒಳಿತು, ಕೆಡುಕು

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜು ವಿದ್ಯಾರ್ಥಿಗಳಿಗೆ ಫಾಸ್ಟ್‌ಫುಡ್ ಎಂದರೆ ಹೆಚ್ಚಾಗಿ ತಳ್ಳುಗಾಡಿಯ ತಿಂಡಿ. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್, ಕಬಾಬ್, ಪಾನಿಪುರಿ, ಮಸಾಲೆ ಪುರಿ ಇದರ ಮುಖ್ಯ ಬಗೆಗಳು. ಪಿಜ್ಜಾ, ಬರ್ಗರ್‌ಗಳ ಪಾಲು ಇವುಗಳ ಮುಂದೆ ಚಿಕ್ಕದು.

ಅವಸರದ ತಿಂಡಿ ಈ ಸೀಮೆಗೆ ಹೊಸದಲ್ಲ. ಮದ್ದೂರು ವಡೆ ಹುಟ್ಟಿದ್ದೇ ರೈಲು ನಿಲ್ದಾಣದ ಗಡಿಬಿಡಿಯಲ್ಲಿ. 1917ರಲ್ಲಿ ರೈಲು ಹೊತ್ತಿಗೆ ಮೊದಲೇ ಬಂದುಬಿಟ್ಟಾಗ, ಅಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವವರು ಹಿಟ್ಟನ್ನು ತಟ್ಟಿ ಕರಿದುಕೊಟ್ಟರೆಂದು ಪ್ರತೀತಿ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಸೇರಿದ ಆ ವಡೆ ಊರಿಗೇ ಹೆಸರು ತಂದಿತು. ಹಾಗೆಂದು ಹಳೆಯದೆಂಬ ಕಾರಣಕ್ಕೆ ಅದು ಪೌಷ್ಟಿಕವಾಗುವುದಿಲ್ಲ. ಅದೂ ಎಣ್ಣೆಯಲ್ಲಿ ಕರಿದ ಮೈದಾ ತಿನಿಸೇ. ಬೇಗ ಸಿಗುವುದು ಆಹಾರದ ದೋಷವೂ ಅಲ್ಲ, ಹಳೆಯದಾಗಿರುವುದು ಅದರ ಗುಣವೂ ಅಲ್ಲ. ಏನನ್ನು, ಯಾವ ಎಣ್ಣೆಯಲ್ಲಿ, ವಾರಕ್ಕೆ ಎಷ್ಟು ಸಲ, ಯಾವ ಊಟದ ಬದಲಿಗೆ ತಿನ್ನಲಾಗುತ್ತಿದೆ ಎಂಬುದರ ಮೇಲೆ ಫಾಸ್ಟ್‌ಫುಡ್‌ನ ಬೆಲೆ ಕಟ್ಟಬೇಕು.

ವಿದ್ಯಾರ್ಥಿಗಳು ಗಾಡಿಯ ಮುಂದೆ ನಿಲ್ಲುವುದಕ್ಕೆ ಬಾಯಿಚಪಲವೊಂದೇ ಕಾರಣವಲ್ಲ. ಮಂಡ್ಯದಲ್ಲಿ 1962ರಿಂದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿದೆ, ವೈದ್ಯಕೀಯ ಕಾಲೇಜು, ವಿ.ಸಿ. ಫಾರಂನ ಕೃಷಿ ಕಾಲೇಜು, ಪದವಿ ಕಾಲೇಜುಗಳಿವೆ. ಇವುಗಳಲ್ಲಿ ಓದುವ ಎಷ್ಟೋ ಮಕ್ಕಳು ದಿನವೂ ಹಳ್ಳಿಯಿಂದ ಬಂದುಹೋಗುತ್ತಾರೆ. ಮಳವಳ್ಳಿಗೆ ರೈಲಿಲ್ಲ, ಹಲಗೂರು, ಬೆಳಕವಾಡಿ ಕಡೆಯವರು ಬಸ್ಸನ್ನೇ ನಂಬಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಬಸ್ ಖರ್ಚನ್ನು ಉಳಿಸಿತು, ಆದರೆ ಬೆಳಗಿನ ಬಸ್ಸಿನ ಹೊತ್ತು ಬದಲಾಗಲಿಲ್ಲ. ಒಲೆ ಹೊತ್ತುವ ಮೊದಲೇ ಮನೆ ಬಿಡುವವರು ಬರಿಹೊಟ್ಟೆಯಲ್ಲಿ ತರಗತಿಗೆ ಬರುತ್ತಾರೆ. ಈ ಸೀಮೆಯ ಮುಖ್ಯ ಊಟವಾದ ಮುದ್ದೆ ಡಬ್ಬಿಗೆ ಒಗ್ಗುವುದೂ ಇಲ್ಲ. ಬಿಸಿಯಿದ್ದಾಗಲೇ ಮುರಿದು ನುಂಗಬೇಕಾದ ಮುದ್ದೆ ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತದೆ; ಬಸ್ಸಾರು ಬ್ಯಾಗಿನಲ್ಲಿ ಚೆಲ್ಲುತ್ತದೆ. ಹೀಗೆ ಮನೆಯ ಊಟ ಮನೆಯಲ್ಲೇ ಉಳಿಯುತ್ತದೆ; ಹಸಿವು ಮಾತ್ರ ಕಾಲೇಜಿಗೆ ಬರುತ್ತದೆ.

ಆ ಹಸಿವಿಗೆ ತಳ್ಳುಗಾಡಿ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಇದು ಅದರ ಮೊದಲ ಒಳಿತು. ಎರಡನೆಯದು ಬೆಲೆ: ಹೋಟೆಲ್ ಊಟದ ದುಡ್ಡಿಗಿಂತ ಕಡಿಮೆಯಲ್ಲಿ ಹೊಟ್ಟೆ ತುಂಬುತ್ತದೆ, ಒಂದು ಪ್ಲೇಟನ್ನು ಇಬ್ಬರು ಹಂಚಿಕೊಳ್ಳಬಹುದು. ಮೂರನೆಯದು ಜೊತೆ. ಬೇರೆ ಬೇರೆ ಊರು, ಜಾತಿ, ಮನೆತನಗಳ ಹುಡುಗ ಹುಡುಗಿಯರು ಒಂದೇ ತಟ್ಟೆಗೆ ಕೈ ಹಾಕುವುದು ಸಣ್ಣ ಸಂಗತಿಯಲ್ಲ. ನಾಲ್ಕನೆಯದು ಜೀವನೋಪಾಯ: ಅಂಗಡಿ ಮಳಿಗೆಗೆ ಮುಂಗಡ ಕೊಡಲಾಗದವರು ಒಂದು ಗಾಡಿ, ಒಂದು ಸಿಲಿಂಡರ್‌ನಿಂದ ಸಂಸಾರ ನಡೆಸುತ್ತಾರೆ. ಆಹಾರವಾಗಿಯೂ ಎಲ್ಲವೂ ನಿಸ್ಸಾರವಲ್ಲ. ಎಗ್ ರೈಸ್‌ನ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಕಣ್ಣೆದುರೇ ದೊಡ್ಡ ಉರಿಯಲ್ಲಿ ಬಿಸಿಬಿಸಿ ಬೆಂದ ಅನ್ನ, ಹಸಿ ನೀರಿನಲ್ಲಿ ಕೈಯದ್ದಿ ಕೊಡುವ ಪಾನಿಪುರಿಗಿಂತ ಸುರಕ್ಷಿತ.

ಕೆಡುಕನ್ನು ಅರಿಯಲು ಗೋಬಿ ಮಂಚೂರಿ ತಯಾರಾಗುವ ಬಗೆಯನ್ನು ನೋಡಿದರೆ ಸಾಕು. ಹೂಕೋಸಿನ ಸಣ್ಣ ತುಂಡುಗಳನ್ನು ಮೈದಾ, ಕಾರ್ನ್‌ಫ್ಲೋರ್ ಕಲಸಿದ ಹಿಟ್ಟಿನಲ್ಲಿ ಮುಳುಗಿಸಿ ಮಧ್ಯಾಹ್ನವೇ ಒಮ್ಮೆ ಕರಿದು ರಾಶಿ ಹಾಕಲಾಗುತ್ತದೆ. ಗಿರಾಕಿ ಬಂದಾಗ ಅದನ್ನೇ ಮತ್ತೆ ಎಣ್ಣೆಗೆ ಬಿಟ್ಟು ಗರಿಗರಿ ಮಾಡಿ, ಬೆಳ್ಳುಳ್ಳಿ, ಸೋಯಾ ಸಾಸ್, ಚಿಲ್ಲಿ ಸಾಸ್, ಉಪ್ಪು, ಟೇಸ್ಟಿಂಗ್ ಪೌಡರ್ ಹಾಕಿ ಎಗರಿಸುತ್ತಾರೆ. ಎರಡು ಸಲ ಎಣ್ಣೆ ಕುಡಿದ ತಟ್ಟೆಯಲ್ಲಿ ಕೋಸಿಗಿಂತ ಹಿಟ್ಟಿನ ಪಾಲೇ ಹೆಚ್ಚು. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ಸಾಸ್‌ಗಳಲ್ಲಿ ಮೊದಲೇ ಇರುವ ಉಪ್ಪಿಗೆ ಮತ್ತಷ್ಟು ಉಪ್ಪು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು.

ಬಣ್ಣದ ಅಪಾಯ ಇದಕ್ಕಿಂತ ಗಂಭೀರ. ರಾಜ್ಯ ಸರ್ಕಾರ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದು, 2024ರ ಮಾರ್ಚ್ 11ರಂದು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗಳಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಲಾಯಿತು. ಪತ್ತೆಯಾದ ಬಣ್ಣಗಳಲ್ಲಿ ರೋಡಮಿನ್-ಬಿ ಬಟ್ಟೆಗೆ ಹಾಕುವಂಥದ್ದು. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ವಿಸ್ತರಿಸಿತು. ಎಣ್ಣೆಗೂ ಮಿತಿಯಿದೆ: ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ಕಪ್ಪಗಾಗಿ, ನೊರೆಗಟ್ಟಿ, ಹೊಗೆಯಾಡುವ ಎಣ್ಣೆಯನ್ನು ಗಿರಾಕಿಯೂ ಗುರುತಿಸಬಲ್ಲ.

ತಟ್ಟೆಯಲ್ಲಿ ಇರುವುದರಷ್ಟೇ ಇಲ್ಲದಿರುವುದೂ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ಮೈದಾ, ಎಣ್ಣೆ, ಸಾಸ್‌ನ ತಟ್ಟೆ ಸೊಪ್ಪು, ಹುರುಳಿ, ಅವರೆ ಬಿದ್ದ ಸಾರಿನ ಜಾಗವನ್ನು ದಿನವೂ ಕಸಿದುಕೊಂಡರೆ ಕಬ್ಬಿಣಾಂಶದ ಕೊರತೆ ಇನ್ನೂ ಹೆಚ್ಚುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ತಪ್ಪಿದರೆ ಮೂಳೆ ಬಲಿಯುವ ವಯಸ್ಸಿನಲ್ಲಿ ಅದೂ ತಪ್ಪಿಹೋಗುತ್ತದೆ. ಜೊತೆಗೆ ಕುಡಿಯುವ 250 ಮಿಲಿಲೀಟರ್ ಕೋಲಾದಲ್ಲಿ 25 ಗ್ರಾಂಗೂ ಹೆಚ್ಚು ಸಕ್ಕರೆ. ದೂರದೂರಿಗೆ ಲಾರಿಗಟ್ಟಲೆ ಎಳನೀರು ಕಳಿಸುವ ಮಾರುಕಟ್ಟೆಯಿರುವ ಮದ್ದೂರಿನಲ್ಲಿ, ಹಾಲು ಒಕ್ಕೂಟದ ಡೇರಿ ಗೆಜ್ಜಲಗೆರೆಯಲ್ಲೇ ಇರುವ ತಾಲ್ಲೂಕಿನಲ್ಲಿ ಮಕ್ಕಳು ಕೋಲಾ ಕುಡಿಯುವುದು ದುಃಖದ ಸಂಗತಿ.

ಕಾಲೇಜುಗಳಲ್ಲಿ ಜಂಕ್‌ಫುಡ್ ನಿಲ್ಲಿಸುವಂತೆ ಯು.ಜಿ.ಸಿ. 2016ರಲ್ಲಿ ಸೂಚಿಸಿತು, 2018ರಲ್ಲಿ ಮತ್ತೆ ನೆನಪಿಸಿತು. ಆದರೆ ಕ್ಯಾಂಟೀನ್‌ನಲ್ಲಿ ನಿಲ್ಲಿಸಿದ್ದು ಗೇಟಿನಾಚೆ ಸಿಗುವವರೆಗೆ ಸುತ್ತೋಲೆಯಿಂದ ಪ್ರಯೋಜನ ಕಡಿಮೆ. ಗಾಡಿಗಳನ್ನು ಎತ್ತಂಗಡಿ ಮಾಡಿದರೂ ಹಸಿವು ಎತ್ತಂಗಡಿಯಾಗುವುದಿಲ್ಲ. ಕಾಲೇಜು ಕ್ಯಾಂಟೀನ್‌ನಲ್ಲಿ ಬೆಳಗಿನ ಮೊದಲ ಬಸ್ಸಿಳಿದವರಿಗೇ ಇಡ್ಲಿ, ರಾಗಿರೊಟ್ಟಿ, ಬೇಯಿಸಿದ ಮೊಟ್ಟೆ, ಉಸಲಿ, ಮಜ್ಜಿಗೆ ಗೋಬಿಯ ಬೆಲೆಯಲ್ಲೇ, ಗೋಬಿಯಷ್ಟೇ ಬೇಗ ಸಿಗಬೇಕು. ಗಾಡಿಯವರಿಗೆ ದಂಡಕ್ಕೆ ಮೊದಲು ನೀರು, ಕಸದ ವ್ಯವಸ್ಥೆ, ತರಬೇತಿ ಸಿಗಬೇಕು. ಆಮೇಲೂ ಬಣ್ಣ ಹಾಕುವವರ ಮೇಲೆ ಕಾನೂನು ಬಿಗಿಯಾಗಬೇಕು.

ಒಟ್ಟಿನಲ್ಲಿ, ಗೆಳೆಯರೊಡನೆ ಅಪರೂಪಕ್ಕೊಮ್ಮೆ ತಿನ್ನುವ ಬಣ್ಣವಿಲ್ಲದ ಗೋಬಿಯಿಂದ ಆರೋಗ್ಯವಂತ ವಿದ್ಯಾರ್ಥಿಗೆ ದೊಡ್ಡ ಕೇಡಿಲ್ಲ. ತುರ್ತು ಹೊತ್ತಿಗೆ ಎಗ್ ರೈಸ್ ಒಪ್ಪಬಹುದಾದ ಆಯ್ಕೆ. ದಿನವೂ ಊಟದ ಬದಲು ಕರಿದದ್ದು, ಕೋಲಾ ಬಂದಾಗ ಮಾತ್ರ ಫಾಸ್ಟ್‌ಫುಡ್‌ನ ಒಳಿತಿಗಿಂತ ಕೆಡುಕು ಮೇಲಾಗುತ್ತದೆ. ಅದನ್ನು ತಡೆಯುವ ಹೊಣೆ ವಿದ್ಯಾರ್ಥಿಯದ್ದಷ್ಟೇ ಅಲ್ಲ. ಹಸಿದು ಬರುವ ಮಕ್ಕಳಿಗೆ ಪಾಠದ ವೇಳಾಪಟ್ಟಿ ಸಿದ್ಧಪಡಿಸಿ ಊಟದ ಏರ್ಪಾಡು ಮರೆತ ಸಂಸ್ಥೆಗಳದ್ದೂ ಹೌದು.